ಊಟಕ್ಕಿರುವವರು

ನಮ್ಮ ತವರುಮನೆಯ ಪಡಸಾಲೆಯಲ್ಲಿ ಒಂದು ಬೆಲ್ಜಿಯಂ ಕನ್ನಡಿ ಇತ್ತು. ಸುತ್ತ ಬೀಟೆಮರದ ಚೌಕಟ್ಟು; ಮೂಲೆಗಳಲ್ಲಿ ಹಿಂದಿನ ಲೇಪ ಉದುರಿ ಕಪ್ಪು ಕಪ್ಪಾಗಿತ್ತು. ಅಜ್ಜಿಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ. ಬಂದವರಿಗೆಲ್ಲ ‘ಇದು ಬೆಲ್ಜಿಯಂ ಗಾಜು, ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ’ ಎನ್ನುತ್ತಿದ್ದಳು. ಬೆಲ್ಜಿಯಂ ಎಂದರೆ ದೇಶವೋ ಕಾರ್ಖಾನೆಯೋ ಅವಳಿಗೆ ಗೊತ್ತಿರಲಿಲ್ಲ. ಬಹಳ ಕಾಲ ನನಗೂ ಗೊತ್ತಿರಲಿಲ್ಲ. ಮನೆಮಂದಿಯೆಲ್ಲ ಬೈತಲೆ ತೆಗೆದದ್ದು, ಕುಂಕುಮ ಇಟ್ಟುಕೊಂಡದ್ದು ಆ ಕನ್ನಡಿಯ ಮುಂದೆಯೇ. ಒಬ್ಬ ಮಾತ್ರ ಅದರ ಮುಂದೆ ನಿಲ್ಲುವಂತಿರಲಿಲ್ಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಕನ್ನಡಿಯ ದೇಶದಲ್ಲೇ ನನ್ನ ಮಗಳು ಸಂಸಾರ ಹೂಡುತ್ತಾಳೆಂದು ಯಾರು ಎಣಿಸಿದ್ದರು? ಅವಳೂ ಅಳಿಯನೂ ಲ್ಯೂವೆನ್ ಎಂಬ ಊರಿನಲ್ಲಿ ಎಂಜಿನಿಯರುಗಳು. 2023ರ ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋದೆ. ಬ್ರಸೆಲ್ಸ್ ಆಯಿತು, ಬ್ರೂಗ್ಸ್‌ನ ಕಾಲುವೆಗಳಾಯಿತು, ಚಾಕೊಲೇಟಿನ ಅಂಗಡಿಗಳಂತೂ ಲೆಕ್ಕವಿಲ್ಲದಷ್ಟು ಆದವು. ನೋಡಿ ನೋಡಿ ಕಣ್ಣು ಸೋತಿತ್ತು. ಆಗ ಒಂದು ಭಾನುವಾರ ಮಗಳ ಜೊತೆ ಕೆಲಸ ಮಾಡುವ ಒಬ್ಬಾಕೆ ಊಟಕ್ಕೆ ಬಂದಳು. ಐವತ್ತರ ಹತ್ತಿರದ ವಯಸ್ಸು. ನಾನು ಮಾಡಿದ ಬಿಸಿಬೇಳೆಬಾತನ್ನು ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡನೆಯ ಸಲ ಹಾಕಿಸಿಕೊಂಡ ಗಟ್ಟಿ ಹೆಂಗಸು. ಯಾವ ಊರಮ್ಮಾ ನಿನ್ನದು ಎಂದು ಮಗಳ ಮೂಲಕ ಕೇಳಿದೆ. ‘ಗೇಲ್’ ಎಂದಳು. ಅವಳು ಗಂಟಲಲ್ಲಿ ಕೆರೆದು ಹೇಳಿದ ಆ ಮೊದಲ ಅಕ್ಷರ ನನಗೆ ಕೊನೆಗೂ ಬರಲಿಲ್ಲ. ‘ಹುಚ್ಚರ ಊರು’ ಎಂದು ತಾನೇ ಸೇರಿಸಿ ನಕ್ಕಳು. ಅವರ ನಾಡಿನಲ್ಲಿ ಒಂದು ಗಾದೆಯೇ ಇದೆಯಂತೆ: ಗೇಲ್‌ನ ಅರ್ಧ ಊರು ಪೂರ್ತಿ ಹುಚ್ಚು, ಪೂರ್ತಿ ಊರು ಅರ್ಧ ಹುಚ್ಚು.

ನಾನು ನಗಲಿಲ್ಲ. ಆ ಮಾತು ನಮ್ಮ ಮನೆಯಲ್ಲಿ ನಗುವ ಮಾತಾಗಿರಲಿಲ್ಲ. ಮುಂದಿನ ಶನಿವಾರ ಅವಳೇ ನಮ್ಮನ್ನು ತನ್ನ ಊರಿಗೆ ಕರೆದಳು.

ಲ್ಯೂವೆನ್‌ನಿಂದ ಕಾರಿನಲ್ಲಿ ಒಂದು ಗಂಟೆಯೂ ಹಿಡಿಯಲಿಲ್ಲ. ಕೆಂಪೆನ್ ಎಂದು ಕರೆಯುವ ಆ ಸೀಮೆ ಚಪ್ಪಟೆ ನೆಲ, ಮರಳು ಮಣ್ಣು. ಈಗ ಹಸಿರಾಗಿ ಕಾಣುತ್ತದೆ; ಒಂದು ಕಾಲದಲ್ಲಿ ಅಲ್ಲಿ ಕುರುಚಲು ಬಿಟ್ಟರೆ ಹೆಚ್ಚೇನೂ ಬೆಳೆಯುತ್ತಿರಲಿಲ್ಲವಂತೆ. ಬಡ ರೈತರು, ನಾಲ್ಕು ದನ, ಒಂದಿಷ್ಟು ರೈ ಧಾನ್ಯ. ಗೇಲ್ ಈಗ ಸುಮಾರು ನಲವತ್ತು ಸಾವಿರ ಜನರ ಪೇಟೆ. ಆದರೆ ಪೇಟೆಬೀದಿ ದಾಟಿದರೆ ಲಾರುಮ್, ಬೆಲ್, ಜಮ್ಮೆಲ್ ಎಂದು ಸುತ್ತ ಚದುರಿದ ಹಳ್ಳಿಗಳು. ಈ ಊರಿನ ಕಥೆ ನಡೆದದ್ದೆಲ್ಲ ಅಂಥ ಹಳ್ಳಿಯ ಅಡುಗೆಮನೆಗಳಲ್ಲಿ.

ಮೊದಲು ಅವಳು ನಮ್ಮನ್ನು ಕರೆದೊಯ್ದದ್ದು ಸಂತ ದಿಂಫ್ನಾಳ ಚರ್ಚಿಗೆ. ದಿಂಫ್ನಾಳ ಕಥೆ ಹೀಗೆ: ಐರ್ಲೆಂಡಿನಲ್ಲಿ ಒಬ್ಬ ರಾಜ. ಅವನ ರಾಣಿ ತೀರಿಕೊಂಡಳು. ದುಃಖದಲ್ಲಿ ರಾಜನಿಗೆ ಬುದ್ಧಿ ಕೆಟ್ಟಿತು. ರಾಣಿಯಂಥ ಹೆಣ್ಣು ಎಲ್ಲೂ ಸಿಗಲಿಲ್ಲ; ಕೊನೆಗೆ ತಾಯಿಯ ರೂಪವನ್ನೇ ಹೊತ್ತ ಸ್ವಂತ ಮಗಳ ಮೇಲೆ ಅವನ ಕಣ್ಣು ಬಿತ್ತು. ಮಗಳು ಗೆರೆಬರ್ನಸ್ ಎಂಬ ಮುದಿ ಪಾದ್ರಿಯ ಜೊತೆ ಕಡಲು ದಾಟಿ ಓಡಿಬಂದಳು. ಗೇಲ್ ಬಳಿಯ ಕಾಡಿನಲ್ಲಿ ಅಡಗಿದಳು. ಅವಳನ್ನು ಹಿಡಿದುಕೊಟ್ಟದ್ದು ನಾಣ್ಯ. ಛತ್ರದಲ್ಲಿ ಊಟಕ್ಕೆ ಅವರು ಕೊಟ್ಟ ವಿದೇಶದ ನಾಣ್ಯದಂಥದ್ದನ್ನೇ ರಾಜನ ಆಳುಗಳೂ ಕೊಟ್ಟರು; ಛತ್ರದವರು, ‘ಇಂಥದ್ದು ನಮ್ಮಲ್ಲಿ ಆಗಲೇ ಇದೆಯಲ್ಲ’ ಎಂದುಬಿಟ್ಟರು. ರಾಜ ಬಂದ, ಕರೆದ, ಅವಳು ಒಪ್ಪಲಿಲ್ಲ. ತನ್ನ ಕೈಯಾರೆ ಮಗಳ ತಲೆ ಕಡಿದ. ಅವಳಿಗೆ ಹದಿನೈದು ವರ್ಷವಂತೆ.

ನಡೆದದ್ದು ಏಳನೆಯ ಶತಮಾನದಲ್ಲಿ ಎನ್ನುತ್ತಾರೆ. ಬರೆದಿಟ್ಟದ್ದು ಹದಿಮೂರನೆಯ ಶತಮಾನದಲ್ಲಿ. ಆರು ನೂರು ವರ್ಷ ಜನರ ಬಾಯಲ್ಲಿ ಹೊರಳಿದ ಕಥೆ. ಎಷ್ಟು ನಿಜ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ನನಗೆ ಸೋಜಿಗವೆನಿಸಿದ್ದು ಬೇರೆ. ಹುಚ್ಚನಿಂದ ಸತ್ತ ಹುಡುಗಿ ಹುಚ್ಚರನ್ನು ಕಾಯುವ ದೇವತೆಯಾದಳಲ್ಲ! ನಮ್ಮ ಕಡೆಯ ಮಾಸ್ತಿಯಮ್ಮ, ಮಾರಮ್ಮರ ಕಥೆಗಳಲ್ಲೂ ಹೆಣ್ಣು ಸತ್ತ ಮೇಲೆಯೇ ದೇವರಾಗುವುದು. ಆದರೆ ನಮ್ಮ ಅಮ್ಮಂದಿರು ಸಿಟ್ಟಿನವರು. ಇವಳು ತಂದೆಯಂಥವರನ್ನೇ ಮಡಿಲಿಗೆ ಹಾಕಿಕೊಂಡಳು.

ಈಗಿರುವ ಚರ್ಚಿನ ಕಟ್ಟಡ ಶುರುವಾದದ್ದು 1349ರಲ್ಲಿ. ಬುದ್ಧಿ ಕೆಟ್ಟವರನ್ನು ಯೂರೋಪಿನ ಎಲ್ಲೆಲ್ಲಿಂದಲೋ ಇಲ್ಲಿಗೆ ಕರೆತರುತ್ತಿದ್ದರು. ಚರ್ಚಿಗೆ ತಾಗಿಕೊಂಡೇ ಒಂದು ರೋಗಿಗಳ ಕೋಣೆ. ಒಂಬತ್ತು ದಿನದ ಸೇವೆ. ಸಂತಳ ಸಮಾಧಿಯ ಕೆಳಗೆ ತೆವಳಿ ಹೋಗುವುದೂ ಒಂದು ವಿಧಿ. ಅದನ್ನು ಕೇಳುವಾಗ ನನ್ನ ಎದೆ ಧಸಕ್ಕೆಂದಿತು. ನಮ್ಮವರೂ ಹೀಗೆಯೇ ಅವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಿದ್ದರು, ಸೇವೆ ಮಾಡಿಸಿದ್ದರು, ದತ್ತಾತ್ರೇಯನಿಗೆ ಹರಕೆ ಹೊತ್ತಿದ್ದರು. ಅಲ್ಲಿಯವರೆಗೆ ನಮಗೂ ಅವರಿಗೂ ವ್ಯತ್ಯಾಸವೇ ಇಲ್ಲ.

ವ್ಯತ್ಯಾಸವಿರುವುದು ಹತ್ತನೆಯ ದಿನದಲ್ಲಿ. ಒಂಬತ್ತು ದಿನವಾದರೂ ವಾಸಿಯಾಗದವರು ಎಲ್ಲಿಗೆ ಹೋಗಬೇಕು? ಕೋಣೆ ತುಂಬಿದೆ, ಹಿಂದೆ ಇನ್ನಷ್ಟು ಜನ ಕಾದಿದ್ದಾರೆ. ಪಾದ್ರಿಗಳು ಸುತ್ತಲಿನ ರೈತರನ್ನು ಕೇಳಿದರು: ಸ್ವಲ್ಪ ದಿನ ಇವರನ್ನು ಇಟ್ಟುಕೊಳ್ಳುತ್ತೀರಾ? ಅವರು ಇಟ್ಟುಕೊಂಡರು. ಸ್ವಲ್ಪ ದಿನ ಎಂದದ್ದು ಏಳು ನೂರು ವರ್ಷದ ಹತ್ತಿರ ಹತ್ತಿರ ಬಂದಿದೆ.

ಅವರನ್ನು ಆ ಊರಿನಲ್ಲಿ ಹುಚ್ಚರು ಎನ್ನುವುದಿಲ್ಲ, ರೋಗಿಗಳು ಎಂದೂ ಕರೆಯುವುದಿಲ್ಲ. ‘ಕೊಸ್ತ್‌ಗಾಂಗರ್’ ಎನ್ನುತ್ತಾರೆ. ಊಟಕ್ಕಿರುವವರು ಎಂದು ಅರ್ಥ. ನನಗೆ ನಮ್ಮ ಹಿರಿಯರ ಕಾಲದ ವಾರಾನ್ನದ ಹುಡುಗರು ನೆನಪಾದರು. ಸೋಮವಾರ ಈ ಮನೆ, ಮಂಗಳವಾರ ಆ ಮನೆ. ಇಲ್ಲಿ ವಾರವಿಲ್ಲ, ಒಂದೇ ಮನೆ, ಹಲವರಿಗೆ ಸಾಯುವ ತನಕ. ಐವತ್ತು ವರ್ಷಕ್ಕೂ ಮೀರಿ ಒಂದೇ ಮನೆಯಲ್ಲಿ ಇದ್ದವರಿದ್ದಾರೆ. ಅತ್ತೆ ಸತ್ತರೆ ಸೊಸೆ ನೋಡಿಕೊಳ್ಳುತ್ತಾಳೆ, ಅಪ್ಪ ಅಮ್ಮ ಮುದುಕರಾದರೆ ಮಗಳು ಕರೆದುಕೊಂಡು ಹೋಗುತ್ತಾಳೆ. ಹೊಲ, ದನದ ಜೊತೆ ಊಟಕ್ಕಿರುವವರೂ ಪಾಲಿಗೆ ಬರುತ್ತಿದ್ದರು ಎಂದು ಅವಳು ತಮಾಷೆ ಮಾಡಿದಳು.

ಇದನ್ನೆಲ್ಲ ಕೇಳಿ ಗೇಲ್‌ನವರೆಲ್ಲ ಸಾಧುಸಂತರು ಎಂದುಕೊಳ್ಳಬೇಡಿ. ನಾನೂ ಮೊದಲು ಹಾಗೆ ಕರಗಿದೆ. ಅವಳೇ ನನ್ನನ್ನು ತಡೆದಳು. ಬಡ ಸೀಮೆ, ಊಟಕ್ಕಿರುವವರಿಗಾಗಿ ಹಣ ಬರುತ್ತಿತ್ತು. ಮೊದಲು ಅವರ ಬಂಧುಗಳಿಂದ, ಅವರ ಊರಿನಿಂದ, ಆಮೇಲೆ ಸರ್ಕಾರದಿಂದ. ದನ ಕಾಯಲು, ಆಲೂಗೆಡ್ಡೆ ಕೀಳಲು, ಮಗು ತೂಗಲು ಇನ್ನೊಂದು ಜೊತೆ ಕೈ. ದುಡಿಸಿಕೊಂಡದ್ದು ಹೆಚ್ಚಾಯಿತೆಂಬ ಮಾತೂ ಇತ್ತು. ಫ್ರಾನ್ಸಿನ ಹೆಸರಾಂತ ಮನೋವೈದ್ಯ ಎಸ್ಕಿರೋಲ್ 1821ರಲ್ಲಿ ಬಂದಾಗ ರೋಗಿಗಳು ಬೀದಿಯಲ್ಲಿ ಓಡಾಡಿಕೊಂಡಿರುವುದನ್ನು ಕಂಡು ಬೆರಗಾದನಂತೆ. ಆದರೆ ಆ ಕಾಲದಲ್ಲಿ ಕಾಲಿಗೆ ಕಬ್ಬಿಣ ಬಿಗಿಸಿಕೊಂಡವರೂ ಇದ್ದರು. 1850ರಲ್ಲಿ ಕಾನೂನು ಬಂತು, ಸರ್ಕಾರ ವಹಿಸಿಕೊಂಡಿತು, ವೈದ್ಯರು ಬಂದರು. 1862ರಲ್ಲಿ ಆಸ್ಪತ್ರೆ ತೆರೆಯಿತು. ಹೊಸದಾಗಿ ಬಂದವರನ್ನು ಕೆಲವು ದಿನ ಅಲ್ಲಿಟ್ಟು ನೋಡಿ, ಯಾವ ಮನೆಗೆ ಹೊಂದುತ್ತಾರೆ ಎಂದು ಯೋಚಿಸಿ ಕಳುಹಿಸುವ ಪದ್ಧತಿ. ಕಾಯಿಲೆ ಕೆರಳಿದರೆ ಆಸ್ಪತ್ರೆ, ಇಳಿದರೆ ಮತ್ತೆ ಅದೇ ಮನೆ.

1970ರ ದಶಕದಲ್ಲಿ ಇಲ್ಲಿ ಅಧ್ಯಯನ ಮಾಡಿದ ರೂಸನ್ಸ್ ಎಂಬ ಮಾನವಶಾಸ್ತ್ರಜ್ಞ ಇನ್ನೊಂದು ಕಡೆಯನ್ನೂ ಗುರುತಿಸಿದ್ದಾನೆ. ಊಟಕ್ಕಿರುವವರು ಮನೆಯವರಂತೆಯೇ, ಆದರೆ ಮನೆಯವರೇ ಅಲ್ಲ. ಒಂದು ಗೆರೆ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ಮಾತು ಬಂದರೆ ಆ ಗೆರೆ ಕಾಣುತ್ತದೆ. ಇದನ್ನು ಓದಿದ ಮೇಲೆ ನನಗೆ ಆ ಊರಿನ ಮೇಲೆ ನಂಬಿಕೆ ಹೆಚ್ಚಾಯಿತು. ದೇವತೆಗಳು ಮಾಡಿದ್ದಾದರೆ ನಾವು ಕೈಮುಗಿದು ಸುಮ್ಮನಿರಬಹುದು. ನಮ್ಮಂಥ ಲೆಕ್ಕಾಚಾರದ ಜನ ಮಾಡಿದ್ದೆಂದರೆ ಹಾಗೆ ಸುಮ್ಮನಿರಲಾಗುವುದಿಲ್ಲ.

1938ರಲ್ಲಿ ಈ ಊರಿನ ಮನೆಗಳಲ್ಲಿ 3,736 ಜನ ಊಟಕ್ಕಿದ್ದರು. ಅಷ್ಟು ಹೊತ್ತಿಗೆ ಬೇರೆ ಕಡೆಯೂ ಇದನ್ನು ಮಾಡಿ ನೋಡಿದ್ದರು: ಫ್ರೆಂಚ್ ಮಾತಾಡುವವರಿಗೆಂದು ಬೆಲ್ಜಿಯಂನಲ್ಲೇ ಲಿಯೆರ್ನೂ ಎಂಬ ಹಳ್ಳಿಯಲ್ಲಿ 1884ರಲ್ಲಿ, ಫ್ರಾನ್ಸಿನ ದ್ಯೂನ್ ಸ್ಯೂರ್ ಓರೊನ್‌ನಲ್ಲಿ 1892ರಲ್ಲಿ. ಚಿತ್ರಕಾರ ವಾನ್ ಗೋನ ತಂದೆಯೂ 1880ರ ಸುಮಾರಿಗೆ ಮಗನನ್ನು ಗೇಲ್‌ಗೆ ಕಳುಹಿಸಬೇಕೆಂದಿದ್ದನಂತೆ. ಮಗ ಒಪ್ಪಲಿಲ್ಲ.

ಚರ್ಚಿನಿಂದ ನಾವು ಹೋದದ್ದು ಅವಳ ಅಜ್ಜಿಯ ಮನೆಗೆ. ಈಗ ಅಲ್ಲಿ ಅವಳ ಅಣ್ಣನ ಸಂಸಾರ. ಕೊಟ್ಟಿಗೆ ಇದ್ದ ಕಡೆ ಕಾರು ನಿಲ್ಲಿಸುತ್ತಾರೆ. ಅಡುಗೆಮನೆಯಲ್ಲಿ ಕಾಫಿ ಕೊಟ್ಟರು. ಉದ್ದ ಮೇಜು, ಅದೇ ಹಳೆಯ ಮೇಜಂತೆ. ‘ಇಲ್ಲಿ ನೊಂಕೆಲ್ ಕೂರುತ್ತಿದ್ದ’ ಎಂದು ಕಿಟಕಿಯ ಪಕ್ಕದ ಕುರ್ಚಿ ತೋರಿಸಿದಳು. ನೊಂಕೆಲ್ ಎಂದರೆ ಮಾಮ. ಇಪ್ಪತ್ತೆರಡು ವರ್ಷದವನಾಗಿ ಬಂದವನು ಎಪ್ಪತ್ತರ ಮೇಲೆ ತೀರಿಕೊಂಡ. ಅವನು ಬಂದಾಗ ಅವಳ ತಾಯಿ ಹುಟ್ಟಿಯೇ ಇರಲಿಲ್ಲ. ‘ಅವನಿಗೆ ಏನಾಗಿತ್ತು?’ ಎಂದೆ. ‘ಗೊತ್ತಿಲ್ಲ’ ಎಂದಳು. ಮರೆಸುತ್ತಿದ್ದಾಳೆ ಎಂದುಕೊಂಡೆ. ಹಾಗಲ್ಲವಂತೆ. ಕಾಯಿಲೆಯ ಹೆಸರನ್ನು ಆಸ್ಪತ್ರೆಯವರು ಮನೆಯವರಿಗೆ ಹೇಳುವುದಿಲ್ಲ, ಮನೆಯವರು ಕೇಳುವುದೂ ಇಲ್ಲ. ಯಾವುದರಿಂದ ಹೆದರುತ್ತಾನೆ, ಏನು ಇಷ್ಟ, ಮಾತ್ರೆ ಯಾವಾಗ. ಅಷ್ಟು ಗೊತ್ತಿದ್ದರೆ ಸಾಕು. ನೊಂಕೆಲ್‌ಗೆ ಗುಡುಗೆಂದರೆ ಆಗುತ್ತಿರಲಿಲ್ಲ. ಮಳೆ ಮೋಡ ಕಟ್ಟಿದರೆ ಅಜ್ಜಿ ಅವನ ಕೈಗೆ ಸಿಪ್ಪೆ ತೆಗೆಯಲು ಒಂದು ಬುಟ್ಟಿ ಆಲೂಗೆಡ್ಡೆ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳಂತೆ.

ಗೇಲ್‌ನ ಬಗ್ಗೆ ಹೊರಗಿನವರು ಹೇಳುವ ಕಥೆಗಳಲ್ಲಿ ಎರಡು ನನ್ನ ತಲೆಯಿಂದ ಹೋಗುವುದೇ ಇಲ್ಲ. ಒಬ್ಬನಿಗೆ ಗೋಡೆಯೊಳಗಿಂದ ಸಿಂಹಗಳು ಬರುವಂತೆ ಕಾಣುತ್ತಿತ್ತು. ಮನೆಯಾಕೆ ‘ಸಿಂಹ ಎಲ್ಲಿದೆ, ಸುಮ್ಮನಿರು’ ಎನ್ನಲಿಲ್ಲ. ಕೈಬೀಸಿ ಅವುಗಳನ್ನು ಓಡಿಸಿಬಿಡುತ್ತಿದ್ದಳು. ಅವನು ಸಮಾಧಾನವಾಗುತ್ತಿದ್ದ. ಇನ್ನೊಬ್ಬನದು ಗುಂಡಿಯ ಕಥೆ. ದಿನವೂ ತನ್ನ ಅಂಗಿಯ ಗುಂಡಿಗಳನ್ನು ತಿರುಚಿ ತಿರುಚಿ ಕಿತ್ತುಬಿಡುತ್ತಿದ್ದ. ಮನೆಯಾಕೆ ದಿನವೂ ಕೂತು ಹೊಲಿಯುತ್ತಿದ್ದಳು. 1970ರ ದಶಕದಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬ ಹುಡುಗಿ ಇದನ್ನು ನೋಡಿ, ಮೀನಿನ ಗಾಳದ ನೈಲಾನ್ ದಾರದಲ್ಲಿ ಹೊಲಿದರೆ ಕೀಳಲಾಗುವುದಿಲ್ಲವಲ್ಲ ಎಂದು ಉಪಾಯ ಹೇಳಿದಳು. ಆಕೆ ಗಾಬರಿಯಾಗಿ ಬೇಡವೇ ಬೇಡ ಎಂದಳಂತೆ. ಗುಂಡಿ ಕೀಳುವುದು ಅವನಿಗೆ ಬೇಕು, ಅದನ್ನು ತಪ್ಪಿಸಬಾರದು ಎಂದು.

ದಿನವೂ ಗುಂಡಿ ಹೊಲಿಯುವುದು! ವಾರಕ್ಕೊಮ್ಮೆ ಗಂಡನ ಅಂಗಿಗೆ ಒಂದು ಗುಂಡಿ ಹಾಕಲು ಗೊಣಗುವವರು ನಾವು. ಈ ಊರಿನ ಬಗ್ಗೆ ಬರೆದವರೆಲ್ಲ ವೈದ್ಯರು, ಪಾದ್ರಿಗಳು, ಕಾನೂನು ಎನ್ನುತ್ತಾರೆ. ಏಳು ನೂರು ವರ್ಷ ಆ ಸೂಜಿ ಹಿಡಿದವರ ಹೆಸರು ಎಲ್ಲೂ ಇಲ್ಲ. ಹೋಗಲಿ ಬಿಡಿ, ಅದು ನಮಗೇನು ಹೊಸತಲ್ಲ.

ಗೋಡೆಯ ಮೇಲೆ ಅವಳ ತಾಯಿಯ ಮದುವೆಯ ಫೋಟೋ ಇತ್ತು. ಎರಡು ಸಾಲು ಜನ. ಹಿಂದಿನ ಸಾಲಿನ ತುದಿಯಲ್ಲಿ ಕೋಟು ತೊಟ್ಟು, ಕತ್ತು ಸ್ವಲ್ಪ ವಾಲಿಸಿ ನಿಂತವನು ನೊಂಕೆಲ್. ಅವನ ಕಣ್ಣು ಕ್ಯಾಮೆರಾ ಕಡೆಗಿಲ್ಲ. ಇದ್ದರೇನಂತೆ, ಇಲ್ಲದಿದ್ದರೇನಂತೆ, ಅವನು ಸಾಲಿನಲ್ಲಿದ್ದ.

ನಾನು ಆ ಫೋಟೋವನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ. ಅವಳು ಸಹಜವಾಗಿ ಕೇಳಿದಳು: ‘ನಿಮ್ಮ ಊರಿನಲ್ಲಿ ಇಂಥವರು ಎಲ್ಲಿರುತ್ತಾರೆ?’ ಮಗಳು ಅದನ್ನು ಕನ್ನಡಕ್ಕೆ ಹೇಳಿ, ಉತ್ತರವನ್ನು ಅವರ ಭಾಷೆಗೆ ಹೇಳಲು ಕಾದಳು.

ಹೇಳಿದೆ. ನನ್ನ ಚಿಕ್ಕಪ್ಪ ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದಾಗ ತಲೆ ಕೆಟ್ಟು ಮನೆಗೆ ಬಂದ. ದೇವರಾಯಿತು, ದೊಡ್ಡ ಊರಿನ ಡಾಕ್ಟರಾಯಿತು, ಕರೆಂಟು ಕೊಡಿಸಿದ್ದಾಯಿತು. ಕೊಟ್ಟಿಗೆಯ ಪಕ್ಕದ ಕೋಣೆ ಅವನದಾಯಿತು. ಮೊದಮೊದಲು ಯಾರಾದರೂ ಬಂದಾಗ ಮಾತ್ರ ಹೊರಗಿನಿಂದ ಚಿಲಕ. ಅಡಿಕೆ ಸುಲಿಯುವ ಕಾಲದಲ್ಲಿ ಅವನನ್ನು ಬಿಡುತ್ತಿದ್ದರು. ಅವನಷ್ಟು ಚುರುಕಾಗಿ ಸುಲಿಯುವವರು ಇರಲಿಲ್ಲ. ಕೊಯ್ಲು ಮುಗಿದರೆ ಮತ್ತೆ ಕೋಣೆ. ಅವನಿಗೆ ಹೊದಿಕೆಯ ಎಳೆ ಬಿಡಿಸುವ ಚಾಳಿ. ದುಪ್ಪಟಿಯನ್ನು ಎಳೆ ಎಳೆಯಾಗಿ ಬಿಡಿಸಿ ಉಂಡೆ ಮಾಡಿಡುತ್ತಿದ್ದ. ಅಜ್ಜಿ ಬೈದಳು, ಅಪ್ಪ ಒಂದೆರಡು ಸಲ ಹೊಡೆದದ್ದೂ ಉಂಟು. ಕೊನೆಗೆ ದುಪ್ಪಟಿ ಕಿತ್ತುಕೊಂಡು ಕಂಬಳಿ ಕೊಟ್ಟರು. ನಾವೂ ನೈಲಾನ್ ದಾರದ ಉಪಾಯ ಮಾಡಿದವರೇ.

1979ರಲ್ಲಿ ನನ್ನನ್ನು ನೋಡಲು ಗಂಡಿನವರು ಬಂದರು. ಬೆಳಗ್ಗೆ ಅಜ್ಜಿ ನನ್ನ ಕೈಗೆ ತಟ್ಟೆ ಕೊಟ್ಟು, ‘ಅವನಿಗೆ ತಿಂಡಿ ಕೊಟ್ಟು, ಚಿಲಕ ಭದ್ರವಾಗಿ ಹಾಕಿ ಬಾ ಮಗಾ. ಒಳಗಿನಿಂದ ಸದ್ದು ಬಂದರೆ ದನ ಅಂತ ಹೇಳುವಾ’ ಎಂದಳು. ನಾನೇ ಹಾಕಿದೆ. ಅವನು ಕೇಸರಿಬಾತು ನೋಡಿ, ‘ಇವತ್ತು ಯಾರು ಬರ್ತಾರೆ?’ ಎಂದು ಕೇಳಿದ. ‘ಯಾರೂ ಇಲ್ಲ’ ಎಂದೆ. ಆಮೇಲೆ ಹೋಗಿ ಬೆಲ್ಜಿಯಂ ಕನ್ನಡಿಯ ಮುಂದೆ ನಿಂತು ಜಡೆಗೆ ಹೂ ಮುಡಿದುಕೊಂಡೆ. ಗಂಡಿನ ತಾಯಿ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಅಪ್ಪ ಲೆಕ್ಕ ಹೇಳಿದರು. ಒಂದು ಕಡಿಮೆ.

1982ರಲ್ಲಿ ಜ್ವರದಲ್ಲಿ ಅವನು ಹೋದ. ಅಪ್ಪನ ಕಾಗದ ಬಂದಾಗ ಮಗಳು ಹೊಟ್ಟೆಯಲ್ಲಿದ್ದಳು. ಅತ್ತೆ, ‘ಯಾರಿಗೇನಾಯಿತು?’ ಎಂದರು. ‘ದೂರದ ಸಂಬಂಧಿಕರೊಬ್ಬರು’ ಎಂದೆ. ಈ ಮಾತನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿ ಹಾಕಿದ್ದ ಮನೋರೋಗಿಗಳು ಓಡಲಾರದೆ ಸತ್ತರಲ್ಲ, ಇಪ್ಪತ್ತೆಂಟು ಜನ; ಆ ಸುದ್ದಿ ಓದಿದ ರಾತ್ರಿ ಮೊದಲ ಸಲ ಯಜಮಾನರಿಗೆ ನಿಜ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಮನೆಯಲ್ಲೂ ಒಬ್ಬಳು ಅತ್ತೆ ಇದ್ದಳು’ ಎಂದರು. ಎಷ್ಟು ಮನೆಗಳಲ್ಲಿ ಹೀಗೆ ಎಂದು ನೀವೇ ಎಣಿಸಿ. ನಮ್ಮವರು ಕಟುಕರಾಗಿರಲಿಲ್ಲ. ಮದುವೆಗೆ ನಿಂತ ಹೆಣ್ಣುಮಕ್ಕಳಿದ್ದರು, ಅಷ್ಟೇ.

ಮಗಳು ಅರ್ಧದಲ್ಲಿ ಭಾಷಾಂತರ ನಿಲ್ಲಿಸಿಬಿಟ್ಟಿದ್ದಳು. ಆ ಗೇಲ್‌ನ ಹೆಂಗಸು ನನ್ನ ಮುಖದಿಂದಲೇ ಏನೋ ತಿಳಿದುಕೊಂಡವಳಂತೆ ಇನ್ನೊಂದು ಲೋಟ ಕಾಫಿ ಸುರಿದಳು. ಆಮೇಲೆ ಅವಳೂ ಒಂದು ಮಾತು ಹೇಳಿದಳು. ಅವಳ ಮನೆಯಲ್ಲಿ ಈಗ ಯಾರೂ ಊಟಕ್ಕಿಲ್ಲ. ಅಣ್ಣನ ಮನೆಯಲ್ಲೂ ಇಲ್ಲ. ಅವಳು ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡುತ್ತಾಳೆ, ಅತ್ತಿಗೆಯೂ ಅಷ್ಟೇ. ಹೊಲವಿಲ್ಲ, ದನವಿಲ್ಲ, ಹಗಲೆಲ್ಲ ಮನೆಯಲ್ಲಿ ಇರುವವರೇ ಇಲ್ಲ. ಮಾತ್ರೆಗಳು ಬಂದ ಮೇಲೆ ಹಲವರು ತಮ್ಮಷ್ಟಕ್ಕೆ ಬದುಕಬಲ್ಲರು, ಅದು ಒಳ್ಳೆಯದೇ. 2010ರ ದಶಕದ ಕೊನೆಗೆ ಊಟಕ್ಕಿರುವವರ ಸಂಖ್ಯೆ ಇನ್ನೂರರ ಆಸುಪಾಸಿಗೆ ಇಳಿದಿತ್ತು. ನಾನು ಊರಿಗೆ ಮರಳಿದ ಮೇಲೆ, 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಗೇಲ್‌ನ ಈ ಪದ್ಧತಿಯನ್ನು ಕಾಪಾಡಬೇಕಾದ ಪರಂಪರೆಗಳಿಗೆ ಮಾದರಿಯೆಂದು ತನ್ನ ಪಟ್ಟಿಗೆ ಸೇರಿಸಿತು. ಮಗಳು ಫೋನಿನಲ್ಲಿ ಸುದ್ದಿ ಹೇಳಿದಳು. ಹಪ್ಪಳ ಒತ್ತುವುದು ನಿಂತ ಮೇಲೆ ಹಪ್ಪಳದ ಮಣೆಯನ್ನು ಷೋಕೇಸಿನಲ್ಲಿ ಇಟ್ಟ ಹಾಗಾಗದಿರಲಿ ಎಂದೆ.

ಹಿಂದಿರುಗುವಾಗ ಮಳೆ ಹಿಡಿಯಿತು. ಕಾರು ಅಳಿಯ ಓಡಿಸುತ್ತಿದ್ದ. ಮಗಳು ನನ್ನ ಜೊತೆ ಹಿಂದೆ ಕುಳಿತಿದ್ದಳು. ಬಹಳ ದೂರ ಮಾತಿರಲಿಲ್ಲ.

‘ಅಮ್ಮಾ, ಅವರ ಹೆಸರೇನು?’ ಎಂದಳು.

ಹೇಳಿದೆ. ಮನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲವಾದ್ದರಿಂದ ನನಗೆ ಒಂದು ಕ್ಷಣ ಬೇಕಾಯಿತು.

‘ಅವರದ್ದೊಂದು ಫೋಟೋ ಇದೆಯಾ?’

‘ಇಲ್ಲ’ ಎಂದೆ.